ಯಾವ ಡಿಸ್ಕಿನಲ್ಲಿ ಸೌಂಡಿಗೆ ಎಷ್ಟು ಜಾಗ? ಡಿವಿಡಿ, ಎಚ್‌ಡಿ ಡಿವಿಡಿ, ಬ್ಲೂ-ರೇ ಹೋಲಿಸಿ ನೋಡುವ ಬಗೆ

ಹೊನ್ನಾವರ, ಕುಮಟಾ, ಶಿರಸಿ, ಯಲ್ಲಾಪುರ ಕಡೆಯ ಮನೆಗಳಲ್ಲಿ ಟಿವಿ ಕೆಳಗಿನ ಖಾನೆ ತೆಗೆದರೆ ಡಿಸ್ಕುಗಳ ಒಂದು ಕಟ್ಟು ಸಿಗುತ್ತದೆ. ಯಕ್ಷಗಾನದ ವಿಸಿಡಿ, ಮದುವೆಯ ಡಿವಿಡಿ, ಹೊರದೇಶದಲ್ಲಿರುವ ಮಕ್ಕಳು ತಂದುಕೊಟ್ಟ ಒಂದೆರಡು ಬ್ಲೂ-ರೇ. ಈಗ ಕೆಲವರು ಹೊಸದಾಗಿ ಹೋಮ್ ಥಿಯೇಟರ್ ಹಾಕಿಸುತ್ತಿದ್ದಾರೆ. ಇನ್ನು ಕೆಲವರಿಗೆ ಹ್ಯಾಂಡಿಕ್ಯಾಮಿನಲ್ಲಿ ಹಿಡಿದ ಇಡೀ ರಾತ್ರಿಯ ಯಕ್ಷಗಾನದ ಆಟವನ್ನು ಕೆಡದ ಹಾಗೆ ಡಿಸ್ಕಿಗೆ ಹಾಕಿಡಬೇಕು. ಇಬ್ಬರೂ ಕೇಳುವುದು ಒಂದೇ. ಯಾವ ಡಿಸ್ಕ್ ತಗೊಳ್ಳಲಿ? ಎಷ್ಟು ಹಿಡಿಯುತ್ತದೆ? ಸೌಂಡ್ ಹೇಗೆ?

ಅಂಗಡಿಯಲ್ಲಿ ಕೇಳಿದರೆ ಜಿಬಿ ಲೆಕ್ಕ ಹೇಳುತ್ತಾರೆ. ಅದು ಬೇಕು, ಆದರೆ ಅದೊಂದೇ ಸಾಲದು. ಡಿಸ್ಕಿನ ಜಾಗದಲ್ಲಿ ದೊಡ್ಡ ಪಾಲು ಚಿತ್ರಕ್ಕೇ ಹೋಗುತ್ತದೆ. ಉಳಿದಷ್ಟರಲ್ಲಿ ಸೌಂಡ್ ಹೊಂದಿಕೊಳ್ಳಬೇಕು. ನಮ್ಮ ಕಡೆ ಆಟ ಅಂದರೆ ನೋಡುವಷ್ಟೇ ಕೇಳುವುದೂ ಮುಖ್ಯ. ಭಾಗವತರ ಪದ ಕೆಟ್ಟು ಕೇಳಿದರೆ ವೇಷ ಎಷ್ಟು ಚೆಂದ ಕಂಡು ಏನು ಬಂತು? ಹಾಗಾಗಿ ಇಲ್ಲಿ ಪ್ರತಿ ಡಿಸ್ಕಿಗೂ ಒಂದೇ ಪ್ರಶ್ನೆ ಹಾಕೋಣ. ಚಿತ್ರಕ್ಕೆ ಕೊಟ್ಟ ಮೇಲೆ ಸೌಂಡಿಗೆ ಎಷ್ಟು ಉಳಿಯಿತು?

ಮೊದಲು ಕೈಯಲ್ಲಿರುವುದು ಯಾವ ಡಿಸ್ಕ್ ಅಂತ ಗುರುತಿಸಿ

ಎಲ್ಲವೂ 12 ಸೆಂಟಿಮೀಟರ್ ಅಗಲದ ತಟ್ಟೆಗಳೇ. ಹೊರಗಿನಿಂದ ಒಂದೇ ಥರ ಕಾಣುತ್ತವೆ. ಡಬ್ಬಿ ಇದ್ದರೆ ಸುಲಭ. ಬ್ಲೂ-ರೇ ನೀಲಿ ಡಬ್ಬಿಯಲ್ಲಿ ಬರುತ್ತದೆ, 4ಕೆ ಬ್ಲೂ-ರೇ ಕಪ್ಪು ಡಬ್ಬಿಯಲ್ಲಿ, ಎಚ್‌ಡಿ ಡಿವಿಡಿ ಕೆಂಪು ಡಬ್ಬಿಯಲ್ಲಿ. ಡಬ್ಬಿ ಇಲ್ಲದಿದ್ದರೆ ಡಿಸ್ಕಿನ ಮೇಲಿನ ಲೋಗೋ ನೋಡಿ.

ವಿಸಿಡಿ ಅಂದರೆ ಮಾಮೂಲಿ ಸಿಡಿ. ಸುಮಾರು 700 ಎಂಬಿ. ಚಿತ್ರ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿ ಮಾತ್ರ. 74ರಿಂದ 80 ನಿಮಿಷ ಹಿಡಿಯುತ್ತದೆ. ಯಕ್ಷಗಾನದ ವಿಸಿಡಿ ಸೆಟ್ಟಿನಲ್ಲಿ ಎರಡು ಮೂರು ಡಿಸ್ಕ್ ಇರುವುದು ಇದೇ ಕಾರಣಕ್ಕೆ.

1996ರಲ್ಲಿ ಜಪಾನಿನಲ್ಲಿ ಶುರುವಾದ ಡಿವಿಡಿ ಒಂದು ಪದರದ್ದಾದರೆ 4.7 ಜಿಬಿ, ಎರಡು ಪದರದ್ದಾದರೆ 8.5 ಜಿಬಿ. ಎರಡು ಪದರದ ಡಿವಿಡಿಯ ಅಡಿಭಾಗದಲ್ಲಿ ಸಾಮಾನ್ಯವಾಗಿ ತುಸು ಚಿನ್ನದ ಬಣ್ಣ ಇರುತ್ತದೆ. ಬೆಳಕಿಗೆ ಹಿಡಿದು ನೋಡಿ. ಚಿತ್ರ 720ಕ್ಕೆ 576. ಇದು ಹೈ-ಡೆಫಿನಿಷನ್ ಅಲ್ಲ.

ಹೈ-ಡೆಫಿನಿಷನ್ ಶುರುವಾಗುವುದು 2006ರಲ್ಲಿ. ಆ ವರ್ಷ ಎರಡು ಡಿಸ್ಕುಗಳು ಒಂದರ ಹಿಂದೆ ಒಂದು ಮಾರುಕಟ್ಟೆಗೆ ಬಂದವು. ತೊಶಿಬಾ ಮುಂದೆ ನಿಂತು ತಂದದ್ದು ಎಚ್‌ಡಿ ಡಿವಿಡಿ. ಒಂದು ಪದರಕ್ಕೆ 15 ಜಿಬಿ, ಎರಡಕ್ಕೆ 30. ಸೋನಿ ಮತ್ತು ಜೊತೆಗಿದ್ದ ಕಂಪನಿಗಳು ತಂದದ್ದು ಬ್ಲೂ-ರೇ. ಒಂದು ಪದರಕ್ಕೆ 25, ಎರಡಕ್ಕೆ 50. ಎರಡರಲ್ಲೂ ಚಿತ್ರ 1920ಕ್ಕೆ 1080ರವರೆಗೆ ಹೋಗುತ್ತದೆ. 2016ರಲ್ಲಿ ಬಂದ 4ಕೆ ಬ್ಲೂ-ರೇಯಲ್ಲಿ ಅದು 3840ಕ್ಕೆ 2160. ಡಿಸ್ಕ್ 50, 66 ಅಥವಾ 100 ಜಿಬಿ.

ಅದೇ ತಟ್ಟೆಯಲ್ಲಿ ಇಷ್ಟು ಜಾಗ ಎಲ್ಲಿಂದ ಬಂತು? ಡಿವಿಡಿ ಓದುವುದು ಕೆಂಪು ಲೇಸರಿನಿಂದ, ತರಂಗದ ಉದ್ದ 650 ನ್ಯಾನೋಮೀಟರ್. ಎಚ್‌ಡಿ ಡಿವಿಡಿ, ಬ್ಲೂ-ರೇ ಎರಡಕ್ಕೂ 405 ನ್ಯಾನೋಮೀಟರಿನ ನೀಲಿ-ನೇರಳೆ ಲೇಸರ್. ಬೆಳಕಿನ ಚುಕ್ಕಿ ಸಣ್ಣದಾದಷ್ಟೂ ಸಾಲುಗಳನ್ನು ಹತ್ತಿರ ಹತ್ತಿರ ಬರೆಯಬಹುದು. ಡಿವಿಡಿಯಲ್ಲಿ ಸಾಲಿನಿಂದ ಸಾಲಿಗೆ 0.74 ಮೈಕ್ರಾನ್ ಅಂತರ ಇದ್ದರೆ ಬ್ಲೂ-ರೇಯಲ್ಲಿ 0.32. ಬ್ಲೂ-ರೇಯವರು ಇನ್ನೊಂದು ಕೆಲಸ ಮಾಡಿದರು. ಬರೆದ ಪದರವನ್ನು ಡಿಸ್ಕಿನ ಅಡಿಭಾಗದ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗೆ ಇಟ್ಟರು. ಡಿವಿಡಿ, ಎಚ್‌ಡಿ ಡಿವಿಡಿಗಳಲ್ಲಿ ಅದು 0.6 ಮಿಲಿಮೀಟರ್ ಒಳಗಿದೆ. ಈ 0.1ರ ವಿಷಯ ನೆನಪಿಟ್ಟುಕೊಳ್ಳಿ, ಡಿಸ್ಕ್ ಜೋಪಾನ ಮಾಡುವಾಗ ಬೇಕಾಗುತ್ತದೆ.

ಜಿಬಿಯನ್ನು ಎಂಬಿಪಿಎಸ್‌ಗೆ ತನ್ನಿ

ಇದು ಈ ಲೇಖನದ ಮುಖ್ಯ ಹೆಜ್ಜೆ. ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ.

ಡಿಸ್ಕಿನ ಜಿಬಿಯನ್ನು 8000ದಿಂದ ಗುಣಿಸಿ. ಕಾರ್ಯಕ್ರಮ ಎಷ್ಟು ಸೆಕೆಂಡ್ ಇದೆಯೋ ಅದರಿಂದ ಭಾಗಿಸಿ. ಬಂದ ಉತ್ತರ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಖರ್ಚು ಮಾಡಬಹುದು ಎನ್ನುವುದು. ಇಂಟರ್ನೆಟ್ ಪ್ಲಾನಿನಲ್ಲಿ ಹೇಳುವ ಎಂಬಿಪಿಎಸ್ಸೇ ಇದು.

ಮೂರು ಗಂಟೆಯ ಒಂದು ಸಿನಿಮಾ ಇಟ್ಟುಕೊಳ್ಳಿ. 10,800 ಸೆಕೆಂಡ್. 4.7 ಜಿಬಿ ಡಿವಿಡಿಯಲ್ಲಿ ಸೆಕೆಂಡಿಗೆ ಸಿಗುವುದು ಸುಮಾರು 3.5 ಎಂಬಿಪಿಎಸ್. ಎರಡು ಪದರದ ಡಿವಿಡಿಯಲ್ಲಿ 6.3. ಎಚ್‌ಡಿ ಡಿವಿಡಿಯ 30 ಜಿಬಿಗೆ 22.2. ಬ್ಲೂ-ರೇ 25ಕ್ಕೆ 18.5, ಬ್ಲೂ-ರೇ 50ಕ್ಕೆ 37. ನೂರು ಜಿಬಿಯ 4ಕೆ ಡಿಸ್ಕಿಗೆ 74.

ಇಲ್ಲೇ ಒಂದು ಸಂಗತಿ ಕಾಣುತ್ತದೆ, ಅಲ್ವಾ? ಎರಡು ಪದರದ ಎಚ್‌ಡಿ ಡಿವಿಡಿಯಲ್ಲಿ ಒಂದು ಪದರದ ಬ್ಲೂ-ರೇಗಿಂತ ಜಾಸ್ತಿ ಜಾಗ ಇದೆ. ಲೋಗೋ ನೋಡಿ ಬ್ಲೂ-ರೇಯೇ ಮೇಲು ಅನ್ನುವ ಹಾಗಿಲ್ಲ. ಎಷ್ಟು ಪದರ, ಎಷ್ಟು ಹೊತ್ತಿನ ಕಾರ್ಯಕ್ರಮ, ಎರಡನ್ನೂ ಕೇಳಬೇಕು. ಒಂದೂವರೆ ಗಂಟೆಯ ಚಿತ್ರಕ್ಕೆ 25 ಜಿಬಿ ಧಾರಾಳ. ಅದೇ 25ರಲ್ಲಿ ಮೂರು ಗಂಟೆಯ ಚಿತ್ರ, ಜೊತೆಗೆ ಒಂದು ಗಂಟೆ ಸಂದರ್ಶನ ತುರುಕಿದರೆ ಬಿಗಿ ಆಗುತ್ತದೆ.

ಈಗ ಸೌಂಡಿನ ಲೆಕ್ಕ. ಒಂದಿಷ್ಟೂ ಒತ್ತದೆ, ಹಿಂಡದೆ ಇಟ್ಟ ಸೌಂಡಿಗೆ ಪಿಸಿಎಂ ಅನ್ನುತ್ತಾರೆ. 5.1 ಅಂದರೆ ಆರು ಚಾನೆಲ್. ಸೆಕೆಂಡಿಗೆ 48,000 ಸಲ ಅಳೆದು, ಪ್ರತಿ ಅಳತೆಯನ್ನು 24 ಬಿಟ್ಟಿನಲ್ಲಿ ಬರೆದರೆ 6 ಗುಣಿಸು 48,000 ಗುಣಿಸು 24. ಒಟ್ಟು 6.9 ಎಂಬಿಪಿಎಸ್. ಮೂರು ಗಂಟೆಗೆ 9.3 ಜಿಬಿ, ಬರೀ ಸೌಂಡಿಗೆ! ಎರಡು ಪದರದ ಡಿವಿಡಿಯ ಪೂರ್ತಿ ಜಾಗಕ್ಕಿಂತ ಇದು ಜಾಸ್ತಿ. ಚಿತ್ರವನ್ನು ಎಲ್ಲಿ ಇಡುವುದು?

ಅದಕ್ಕೇ ಡಿವಿಡಿಯಲ್ಲಿ ಡಾಲ್ಬಿ ಡಿಜಿಟಲ್ ಬಂತು. ಆರು ಚಾನೆಲನ್ನೂ ಹಿಂಡಿ 448 ಕಿಲೋಬಿಟ್ಟಿಗೆ ಇಳಿಸುತ್ತದೆ. ಕಿವಿಗೆ ಅಷ್ಟಾಗಿ ಗೊತ್ತಾಗದು ಅನ್ನಿಸಿದ ಭಾಗವನ್ನು ತೆಗೆದುಹಾಕುತ್ತದೆ. ತೆಗೆದದ್ದು ಮತ್ತೆ ಬರುವುದಿಲ್ಲ. 1982ರಲ್ಲಿ ಬಂದ ಆಡಿಯೋ ಸಿಡಿಯಲ್ಲಿ ಬರೀ ಎರಡು ಚಾನೆಲ್ಲಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಇತ್ತು. ಡಿವಿಡಿಯಲ್ಲಿ ಆರು ಚಾನೆಲ್ ಸೇರಿ ಅದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಹಾಡು ಕೇಳುವುದಕ್ಕೆ ಸಿಡಿಯೇ ಚೆನ್ನ ಅಂತ ಹಿರಿಯರು ಹೇಳಿದರೆ ಅದು ಸುಮ್ನೆ ಮಾತಲ್ಲ.

ಆದರೆ ಡಿವಿಡಿಯನ್ನು ಪೂರ್ತಿ ತಳ್ಳಿಹಾಕಬೇಡಿ. ಎರಡೇ ಚಾನೆಲ್ ಸಾಕು ಅಂದರೆ ಡಿವಿಡಿಯಲ್ಲೂ ಪಿಸಿಎಂ ಇಡಬಹುದು. 16 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋಗೆ ಬೇಕಾಗುವುದು 1.5 ಎಂಬಿಪಿಎಸ್ ಮಾತ್ರ. ಕಛೇರಿಯ ಡಿವಿಡಿ ನಿಮ್ಮ ಹತ್ತಿರ ಇದ್ದರೆ ಮೆನುವಿನಲ್ಲಿ ಆಡಿಯೋ ಭಾಗ ತೆರೆದು ನೋಡಿ. ಪಿಸಿಎಂ ಸ್ಟೀರಿಯೋ ಇದ್ದರೆ 5.1 ಬಿಟ್ಟು ಅದನ್ನೇ ಹಾಕಿ.

ಎಚ್‌ಡಿ ಡಿವಿಡಿ ಸೋತಿತು, ಆದರೆ ಸೌಂಡಿನಲ್ಲಿ ಅಲ್ಲ

ಈಗ ಯಾರೂ ಇದನ್ನು ಕೊಳ್ಳಬೇಕಾಗಿಲ್ಲ. 2008ರ ಜನವರಿಯಲ್ಲಿ ವಾರ್ನರ್ ಸಂಸ್ಥೆ ಇನ್ನು ಮುಂದೆ ಬ್ಲೂ-ರೇ ಮಾತ್ರ ಅಂದಿತು. ಫೆಬ್ರವರಿ 19ಕ್ಕೆ ತೊಶಿಬಾ ಕೈಬಿಟ್ಟಿತು. ಆದರೂ ಹೋಲಿಕೆಗೆ ಇದು ಬೇಕು.

ಎಚ್‌ಡಿ ಡಿವಿಡಿ ಪ್ಲೇಯರುಗಳಲ್ಲಿ ಡಾಲ್ಬಿ ಟ್ರೂಎಚ್‌ಡಿ, ಅಂದರೆ ಏನೂ ಕಳೆಯದೆ ಸೌಂಡ್ ಮಡಚಿಡುವ ಕ್ರಮ, ಇರಲೇಬೇಕು ಅನ್ನುವ ನಿಯಮ ಇತ್ತು. ಬ್ಲೂ-ರೇಯಲ್ಲಿ ಅದು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಶುರುವಿನ ಬ್ಲೂ-ರೇಗಳಲ್ಲಿ ಚಿತ್ರ ಹಿಂಡುವ ಹಳೆಯ ಎಂಪೆಗ್-2 ಕ್ರಮದಲ್ಲಿ ಚಿತ್ರ, ಪಕ್ಕದಲ್ಲಿ ಒತ್ತದ ಪಿಸಿಎಂ ಸೌಂಡ್, ಎರಡನ್ನೂ 25 ಜಿಬಿಯಲ್ಲಿ ಇಟ್ಟವು ಹಲವು. ಮೇಲಿನ ಲೆಕ್ಕ ಹಾಕಿ. ಮೂರು ಗಂಟೆಯ ಚಿತ್ರವಾದರೆ 18.5ರಲ್ಲಿ 6.9 ಸೌಂಡಿಗೆ ಹೋಗಿ ಚಿತ್ರಕ್ಕೆ ಉಳಿಯುವುದು 11.6. ಎಂಪೆಗ್-2ಗೆ ಅದು ಸಾಲದು. ಮುಂದೆ 50 ಜಿಬಿ ಡಿಸ್ಕ್ ಮಾಮೂಲಾಯಿತು, ಎಚ್.264 ಎಂಬ ಹೊಸ ಕ್ರಮವೂ ಜಾಸ್ತಿ ಬಳಕೆಗೆ ಬಂತು. ಅಲ್ಲಿಂದ ಚಿತ್ರ, ಸೌಂಡ್ ಎರಡೂ ನೆಮ್ಮದಿಯಾಗಿ ಕೂತವು. ನಿಮ್ಮ ಬಳಿ 2006ರ ಆಸುಪಾಸಿನ ಬ್ಲೂ-ರೇ ಇದ್ದು ಚಿತ್ರ ಮಂಜಾಗಿ ಕಂಡರೆ ನಿಮ್ಮ ಟಿವಿಯನ್ನು ಬೈಯಬೇಡಿ.

ಡಬ್ಬಿಯ ಹಿಂಭಾಗದ ಹೆಸರುಗಳನ್ನು ಓದುವುದು

ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಆಡಿಯೋ ಅಂತ ಒಂದು ಸಾಲು ಇರುತ್ತದೆ. ಕೊಳ್ಳುವ ಮೊದಲು ಅದನ್ನೇ ಓದಿ.

ಡಾಲ್ಬಿ ಡಿಜಿಟಲ್ ಅಂತ ಮಾತ್ರ ಇದ್ದರೆ ಅದು ಹಿಂಡಿದ ಸೌಂಡ್. ಬ್ಲೂ-ರೇಯಲ್ಲಿ ಇದು 640 ಕಿಲೋಬಿಟ್‌ವರೆಗೆ ಹೋಗಬಹುದು. ಬರೀ ಡಿಟಿಎಸ್ ಅಂದರೂ ಹಿಂಡಿದ್ದೇ, ಆದರೆ 1.5 ಮೆಗಾಬಿಟ್‌ವರೆಗೆ.

ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ, ಎಲ್‌ಪಿಸಿಎಂ, ಈ ಮೂರರಲ್ಲಿ ಒಂದು ಇದ್ದರೆ ಸ್ಟುಡಿಯೋದಲ್ಲಿ ಇಟ್ಟ ಸೌಂಡ್ ಒಂದು ಬಿಟ್ಟೂ ಕಳೆಯದೆ ನಿಮಗೆ ಸಿಗುತ್ತದೆ. ಇದಕ್ಕೆ ಲಾಸ್‌ಲೆಸ್ ಅನ್ನುತ್ತಾರೆ. ಮೊದಲಿನ ಎರಡು ಮಡಚಿ ಇಟ್ಟ ಬಟ್ಟೆಯ ಹಾಗೆ, ಬಿಚ್ಚಿದರೆ ಪೂರ್ತಿ ಸಿಗುತ್ತದೆ. ಎಲ್‌ಪಿಸಿಎಂ ಮಡಚದೆ ಇಟ್ಟದ್ದು, ಜಾಗ ಜಾಸ್ತಿ ತಿನ್ನುತ್ತದೆ. ಕೇಳುವಾಗ ಮೂರರ ನಡುವೆ ವ್ಯತ್ಯಾಸ ಇರಬಾರದು. ಟ್ರೂಎಚ್‌ಡಿ ಮೇಲೋ ಡಿಟಿಎಸ್ ಮೇಲೋ ಅಂತ ಗಂಟೆಗಟ್ಟಲೆ ವಾದ ಮಾಡುವವರಿದ್ದಾರೆ. ಆ ವಾದದಲ್ಲಿ ಹುರುಳಿಲ್ಲ.

ಅಟ್ಮಾಸ್, ಡಿಟಿಎಸ್:ಎಕ್ಸ್ ಅನ್ನುವುದು ತಲೆಯ ಮೇಲಿನಿಂದಲೂ ಸೌಂಡ್ ಬರುವ ವ್ಯವಸ್ಥೆ. ಡಿಸ್ಕಿನಲ್ಲಿ ಅಟ್ಮಾಸ್ ಟ್ರೂಎಚ್‌ಡಿಯ ಬೆನ್ನೇರಿ ಬರುತ್ತದೆ. ಅದೇ ಅಟ್ಮಾಸ್ ಒಟಿಟಿಯಲ್ಲಿ ಹಿಂಡಿದ ಡಾಲ್ಬಿ ಡಿಜಿಟಲ್ ಪ್ಲಸ್ ಮೇಲೆ ಬರುತ್ತದೆ. ನೆಟ್‌ಫ್ಲಿಕ್ಸ್‌ನಲ್ಲಿ ಗರಿಷ್ಠ 768 ಕಿಲೋಬಿಟ್. ಹೆಸರು ಒಂದೇ, ಸರಕು ಬೇರೆ. ಮನೆಗೆ ಫೈಬರ್ ಬಂದಿದೆ, ಇನ್ನು ಡಿಸ್ಕ್ ಯಾಕೆ ಅಂತ ಕೇಳುವವರಿಗೆ ನಾನು ಕೊಡುವ ಉತ್ತರ ಇದು.

ಹಳೆಯ ಆ್ಯಂಪ್ ಇದ್ದವರು ಹೆದರಬೇಕಾಗಿಲ್ಲ. ಡಿಟಿಎಸ್-ಎಚ್‌ಡಿಯ ಒಳಗೇ ಮಾಮೂಲಿ ಡಿಟಿಎಸ್ ಇರುತ್ತದೆ. ಟ್ರೂಎಚ್‌ಡಿ ಇರುವ ಬ್ಲೂ-ರೇಯಲ್ಲಿ ಜೊತೆಗೆ ಮಾಮೂಲಿ ಡಾಲ್ಬಿ ಇರಲೇಬೇಕು. ಹಳೆಯ ಆ್ಯಂಪ್ ತನಗೆ ಗೊತ್ತಿರುವುದನ್ನು ತೆಗೆದುಕೊಳ್ಳುತ್ತದೆ.

ಸೌಂಡಿನ ಬಗ್ಗೆ ಇನ್ನೊಂದು ಮಾತು, ಇದನ್ನು ಹೇಳುವವರು ಕಡಿಮೆ. ಸಿನಿಮಾ ಚಿತ್ರೀಕರಿಸುವುದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ. ಟಿವಿ ಚಿತ್ರಕ್ಕೆ ಪಾಲ್, ಎನ್‌ಟಿಎಸ್‌ಸಿ ಅಂತ ಎರಡು ಮಾದರಿ ಇವೆ, ಪಾಲ್ ಮಾದರಿಯ ಡಿವಿಡಿ ಓಡುವುದು 25ರಲ್ಲಿ. ಹಾಗಾಗಿ ಇಡೀ ಸಿನಿಮಾವನ್ನು ಸ್ವಲ್ಪ ಜೋರಾಗಿ ಓಡಿಸುತ್ತಾರೆ. 150 ನಿಮಿಷದ ಸಿನಿಮಾ 144ಕ್ಕೇ ಮುಗಿಯುತ್ತದೆ. ಸರಿಪಡಿಸದೆ ಬಿಟ್ಟರೆ ಶ್ರುತಿ ಮೇಲೆ ಹೋಗುತ್ತದೆ, ಅರ್ಧ ಸ್ವರಕ್ಕಿಂತ ತುಸು ಕಡಿಮೆ. ಹಾರ್ಮೋನಿಯಂ ಹತ್ತಿರ ಇದ್ದರೆ ಹಾಡಿನ ಆಧಾರ ಷಡ್ಜ ಹಿಡಿದು ನೋಡಿ, ಗೊತ್ತಾಗುತ್ತದೆ. ಭಾರತದಲ್ಲಿ ಪಾಲ್, ಎನ್‌ಟಿಎಸ್‌ಸಿ ಎರಡೂ ಬಗೆಯ ಡಿವಿಡಿ ಬಂದಿವೆ. ಎನ್‌ಟಿಎಸ್‌ಸಿಯಲ್ಲಿ ಈ ತೊಂದರೆ ಇಲ್ಲ. ಬ್ಲೂ-ರೇಯಲ್ಲಿ ಸಿನಿಮಾವನ್ನು 24ರಲ್ಲೇ ಇಡಬಹುದು, ಶ್ರುತಿ ಇದ್ದ ಹಾಗೇ ಇರುತ್ತದೆ. ಹಾಡು ಪ್ರೀತಿಸುವವರಿಗೆ ಬ್ಲೂ-ರೇ ಕೊಳ್ಳಲು ಇದೊಂದೇ ಸಾಕು.

ವೈರ್ ನೋಡಿ, ಸೆಟ್ಟಿಂಗ್ ನೋಡಿ

ಡಿಸ್ಕಿನಲ್ಲಿ ಲಾಸ್‌ಲೆಸ್ ಇದ್ದರೂ ಅದು ಸ್ಪೀಕರ್ ತಲುಪದೆ ದಾರಿಯಲ್ಲೇ ಕಳೆದುಹೋಗುವ ಮನೆಗಳು ಬಹಳ.

ಆಪ್ಟಿಕಲ್ ವೈರಿನಲ್ಲಿ, ತುದಿಯಲ್ಲಿ ಕೆಂಪು ಬೆಳಕು ಕಾಣುತ್ತದಲ್ಲ, ಅದರಲ್ಲಿ ಟ್ರೂಎಚ್‌ಡಿಯಾಗಲಿ ಡಿಟಿಎಸ್-ಎಚ್‌ಡಿ ಮಾಸ್ಟರ್ ಆಗಲಿ ಹೋಗುವುದಿಲ್ಲ. ಪ್ಲೇಯರಿನಿಂದ ನೇರ ಆ್ಯಂಪಿಗೆ ಎಚ್‌ಡಿಎಂಐ ಹಾಕಿ, ಅಲ್ಲಿಂದ ಟಿವಿಗೆ ಇನ್ನೊಂದು. ಪ್ಲೇಯರನ್ನು ಟಿವಿಗೆ ಸೇರಿಸಿ ಟಿವಿಯಿಂದ ಸೌಂಡ್‌ಬಾರಿಗೆ ಕೊಟ್ಟಿದ್ದರೆ ಎರಡೂ ಕಡೆ ಇಎಆರ್‌ಸಿ, ಅಂದರೆ ಟಿವಿಯ ಸೌಂಡನ್ನು ಎಚ್‌ಡಿಎಂಐ ವೈರಿನಲ್ಲೇ ಹೊರಗೆ ಕಳಿಸುವ ಹೊಸ ವ್ಯವಸ್ಥೆ, ಇದೆಯಾ ನೋಡಿ. ಅದರ ಹಳೆಯ ರೂಪವಾದ ಬರೀ ಎಆರ್‌ಸಿ ಇದ್ದರೆ ಲಾಸ್‌ಲೆಸ್ 5.1 ದಾಟುವುದಿಲ್ಲ.

ಆಮೇಲೆ ಪ್ಲೇಯರಿನ ಮೆನು. ಅಲ್ಲಿ ಬಿಡಿ (BD) ಆಡಿಯೋ ಮಿಕ್ಸ್ ಅಥವಾ ಸೆಕೆಂಡರಿ ಆಡಿಯೋ ಅಂತ ಇರುತ್ತದೆ. ಅದನ್ನು ಆಫ್ ಮಾಡಿ. ಆನ್ ಇದ್ದರೆ ಪ್ಲೇಯರ್ ಮೆನುವಿನ ಸದ್ದನ್ನೆಲ್ಲ ಸೇರಿಸಿ ಮಾಮೂಲಿ ಡಾಲ್ಬಿ ಮಾಡಿ ಕಳಿಸುವ ಸಾಧ್ಯತೆ ಇದೆ. ಔಟ್‌ಪುಟ್ ಬಿಟ್‌ಸ್ಟ್ರೀಮ್ ಅಂತ ಇಡಿ, ಆಗ ಸೌಂಡನ್ನು ಬಿಚ್ಚುವ ಕೆಲಸ ಆ್ಯಂಪಿನದು. ಜೋರು-ಮೆಲು ಸದ್ದಿನ ಅಂತರ ತಗ್ಗಿಸುವ ನೈಟ್ ಮೋಡ್ ಅಥವಾ ಡಿಆರ್‌ಸಿ ಆಫ್. ಇಷ್ಟು ಮಾಡಿ ಡಿಸ್ಕ್ ಹಾಕಿದಾಗ ಆ್ಯಂಪಿನ ಮುಖದ ಮೇಲೆ ಟ್ರೂಎಚ್‌ಡಿ ಅಂತಲೋ ಡಿಟಿಎಸ್-ಎಚ್‌ಡಿ ಅಂತಲೋ ಬರೆದು ಬರಬೇಕು. ಬಾರದಿದ್ದರೆ ಮತ್ತೆ ವೈರಿನಿಂದ ಶುರು ಮಾಡಿ.

ಕಿವಿಯಿಂದ ಹೋಲಿಸುವುದು

ಎರಡು ಡಿಸ್ಕ್ ಹೋಲಿಸುವಾಗ ವಾಲ್ಯೂಮ್ ಸಮ ಇರಬೇಕು. ತುಸು ಜೋರಾಗಿ ಕೇಳಿದ್ದೇ ಒಳ್ಳೆಯದು ಅಂತ ಕಿವಿಗೆ ಅನ್ನಿಸುತ್ತದೆ. ಮೊಬೈಲಿನ ಸೌಂಡ್ ಮೀಟರ್ ಆ್ಯಪ್ ಇಟ್ಟು ಎರಡನ್ನೂ ಒಂದೇ ಮಟ್ಟಕ್ಕೆ ತನ್ನಿ.

ಪರೀಕ್ಷೆಗೆ ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ಬಡಗುತಿಟ್ಟಿನ ಹಿಮ್ಮೇಳಕ್ಕಿಂತ ಒಳ್ಳೆಯ ಸರಕು ನಮಗೆ ಬೇರೆ ಸಿಗದು. ಭಾಗವತರ ಕೈಯ ತಾಳದಿಂದ ಶುರು ಮಾಡಿ. ತಾಳ ತಟ್ಟಿದಾಗ ಮೊದಲು ಚುರುಕಾದ ಒಂದು ಟಿಣ್, ಆಮೇಲೆ ಅದರ ಗುಂಗು ನಿಧಾನ ಇಳಿಯಬೇಕು. ಹಿಂಡಿದ ಸೌಂಡಿನಲ್ಲಿ ಆ ಗುಂಗು ನೀರಿನಲ್ಲಿ ಗುಳುಗುಳು ಅಂದ ಹಾಗೆ ಕಲಸಿಹೋಗುತ್ತದೆ. ವಿಸಿಡಿಯಲ್ಲಿ ಇದು ಬಹಳ ಸ್ಪಷ್ಟ, ಅಲ್ಲಿ ಸೌಂಡಿಗೆ ಇರುವುದೇ 224 ಕಿಲೋಬಿಟ್. ಎರಡನೆಯದು ಚೆಂಡೆ. ಪೆಟ್ಟು ಬೀಳುವ ಕ್ಷಣಕ್ಕೆ ಸ್ವಲ್ಪ ಮೊದಲೇ ಸುಸ್ ಅನ್ನುವ ಸದ್ದು ಕೇಳುತ್ತದಾ ಗಮನಿಸಿ. ಬಿಗಿಯಾಗಿ ಹಿಂಡಿದಾಗ ಪೆಟ್ಟಿನ ಸದ್ದು ಹಿಂದಕ್ಕೂ ಸೋರುತ್ತದೆ. ಮೂರನೆಯದು, ಚೆಂಡೆ, ಮದ್ದಳೆ, ಪದ ಮೂರೂ ಒಟ್ಟಿಗೆ ಏರಿದಾಗ ಪದದ ಅಕ್ಷರ ಬಿಡಿಬಿಡಿಯಾಗಿ ತಿಳಿಯುತ್ತದಾ?

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ವಿಸಿಡಿಗೂ ಡಿವಿಡಿಗೂ ಇರುವ ವ್ಯತ್ಯಾಸ ಯಾರಿಗಾದರೂ ತಿಳಿಯುತ್ತದೆ. ಡಿವಿಡಿಯ 448ಕ್ಕೂ ಲಾಸ್‌ಲೆಸ್‌ಗೂ ಇರುವುದು ಒಳ್ಳೆಯ ಸ್ಪೀಕರಿನಲ್ಲಿ ತಿಳಿಯಬಹುದು. ಬ್ಲೂ-ರೇಯ 640 ಡಾಲ್ಬಿಗೂ ಲಾಸ್‌ಲೆಸ್‌ಗೂ ನಡುವಿನದನ್ನು ಹಿಡಿಯುವುದು ಕಷ್ಟ. ಟಿವಿಯ ಸ್ವಂತ ಸ್ಪೀಕರಿನಲ್ಲಿ ಕೇಳುವವರು ಲಾಸ್‌ಲೆಸ್ ಬೇಕು ಅಂತ ಹಣ ಸುರಿಯಬೇಡಿ. ಆ ಹಣದಲ್ಲಿ ಮೊದಲು ಎರಡು ಒಳ್ಳೆಯ ಸ್ಪೀಕರ್ ತನ್ನಿ.

ನಿಮ್ಮದೇ ಆಟದ ರೆಕಾರ್ಡಿಂಗ್ ಡಿಸ್ಕಿಗೆ ಹಾಕುವುದು

1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು 2009ರಲ್ಲಿ ತೀರಿಕೊಂಡರು. ಅವರ ವೇಷ ನೋಡದ ಹುಡುಗರಿಗೆ ಈಗ ರೆಕಾರ್ಡಿಂಗೇ ಗತಿ. ಹಾಗಾಗಿ ಯಾರ ಮನೆಯಲ್ಲಿ ಒಂದು ಒಳ್ಳೆಯ ರಾತ್ರಿಯ ಟೇಪು, ಕಾರ್ಡು ಇದ್ದರೂ ಅದಕ್ಕೆ ಬೆಲೆ ಇದೆ.

ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗ್ಗೆ ಆರಕ್ಕೆ ಮುಗಿಯುವ ಆಟ ಅಂದರೆ 8 ಗಂಟೆ, 28,800 ಸೆಕೆಂಡ್. ಎವಿಸಿಎಚ್‌ಡಿ ಎಂಬ ಹೈ-ಡೆಫಿನಿಷನ್ ಕ್ರಮದ ಹ್ಯಾಂಡಿಕ್ಯಾಮಿನಲ್ಲಿ ಸುಮಾರು 17 ಎಂಬಿಪಿಎಸ್ ಇಟ್ಟು ಹಿಡಿದಿದ್ದರೆ 61 ಜಿಬಿ ಆಗುತ್ತದೆ. ಡಿವಿಡಿಗೆ ಹಾಕಲು ಹೋದರೆ 14 ಡಿಸ್ಕ್. 25ರ ಬ್ಲೂ-ರೇ ಮೂರು, 50ರದ್ದಾದರೆ ಎರಡು. 24 ಎಂಬಿಪಿಎಸ್‌ನಲ್ಲಿ ಹಿಡಿದಿದ್ದರೆ 86 ಜಿಬಿ. ಆಗ ಬಿಡಿಎಕ್ಸ್‌ಎಲ್ ಎಂಬ ನೂರು ಜಿಬಿಯ ಬರೆಯುವ ಬ್ಲೂ-ರೇ ಒಂದೇ ಸಾಕು, ಆದರೆ ಅದನ್ನು ಬರೆಯಲು ಅದಕ್ಕೆ ಹೊಂದುವ ರೈಟರ್ ಬೇಕು. ನನ್ನ ಸಲಹೆ 25ರ ಮೂರು ಡಿಸ್ಕ್. ಒಂದು ಕೆಟ್ಟರೂ ಎರಡು ಉಳಿಯುತ್ತವೆ. ಪ್ರಸಂಗದ ಸಂಧಿ ನೋಡಿ ಭಾಗ ಮಾಡಿ, ಪದದ ನಡುವೆ ಕತ್ತರಿಸಬೇಡಿ.

ಇಪ್ಪತ್ತೈದರ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದರೆ ಸುಮಾರು 23.3 ಅಂತ ತೋರಿಸುತ್ತದೆ. ಮೋಸ ಅಲ್ಲ. ಡಿಸ್ಕಿನವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಕಂಪ್ಯೂಟರ್ 1,024ರ ಲೆಕ್ಕ. ಡಿವಿಡಿ 4.37 ಅಂತ ಕಾಣುತ್ತದೆ. ಫೈಲ್ ಭಾಗ ಮಾಡುವಾಗ ಈ ಸಣ್ಣ ಸಂಖ್ಯೆಯನ್ನೇ ಹಿಡಿಯಿರಿ.

ತಾಳಮದ್ದಳೆಯಾದರೆ ಲೆಕ್ಕವೇ ಬೇರೆ. ಅಲ್ಲಿ ಕುಳಿತು ಅರ್ಥ ಹೇಳುತ್ತಾರೆ, ವೇಷ ಇಲ್ಲ, ಕುಣಿತ ಇಲ್ಲ. ಚಿತ್ರಕ್ಕೆ ಜಾಗ ಸುರಿಯುವುದು ದಂಡ. ಸೌಂಡ್ ಮಾತ್ರ ಸಾಕು ಅಂದುಕೊಂಡರೆ ಆರು ಗಂಟೆಯ ತಾಳಮದ್ದಳೆ ಸಿಡಿ ಗುಣಮಟ್ಟದಲ್ಲಿ 3.8 ಜಿಬಿ, ಒಂದು ಮಾಮೂಲಿ ಡಿವಿಡಿಗೆ ಹಿಡಿಯುತ್ತದೆ. 24 ಬಿಟ್, 48 ಕಿಲೋಹರ್ಟ್ಸ್ ಆದರೆ 6.2 ಜಿಬಿ, ಎರಡು ಪದರದ್ದಕ್ಕೆ. ಒಂದಿಷ್ಟೂ ಹಿಂಡದೆ. ಅರ್ಥಧಾರಿಯ ಉಸಿರು, ತಡೆದು ಹೇಳಿದ ಮಾತು, ಎಲ್ಲ ಇದ್ದ ಹಾಗೆ ಉಳಿಯುತ್ತದೆ.

ಹಿಡಿಯುವಾಗಲೇ ಸೌಂಡ್ ಕೆಟ್ಟಿದ್ದರೆ ಯಾವ ಡಿಸ್ಕೂ ಸರಿ ಮಾಡದು. ಕ್ಯಾಮೆರಾದ ಆಟೋ ಮೈಕ್ ಚೆಂಡೆ ಬಿದ್ದ ಕೂಡಲೇ ಇಡೀ ಸೌಂಡನ್ನು ತಗ್ಗಿಸುತ್ತದೆ, ಚೆಂಡೆ ನಿಂತ ಮೇಲೆ ಮೆಲ್ಲಗೆ ಏರಿಸುತ್ತದೆ. ಪದ ಮುಳುಗಿ ಮುಳುಗಿ ಏಳುತ್ತದೆ. ಮೈಕ್ ಲೆವೆಲ್ ಮ್ಯಾನುಯಲ್ ಇಟ್ಟು, ಚೆಂಡೆಯ ಜೋರಿಗೆ ತಕ್ಕ ಹಾಗೆ ಮೊದಲೇ ಇಳಿಸಿಡಿ. ಕ್ಯಾಮೆರಾದಲ್ಲಿ ಪಿಸಿಎಂ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಧ್ವನಿವರ್ಧಕದವರನ್ನು ಕೇಳಿ ಮಿಕ್ಸರಿನಿಂದ ಲೈನ್ ತೆಗೆದುಕೊಳ್ಳಬಹುದು, ಆದರೆ ಚೆಂಡೆಗೆ ಮೈಕ್ ಇಟ್ಟಿರದಿದ್ದರೆ ಆ ಲೈನಿನಲ್ಲಿ ಚೆಂಡೆ ಸಣ್ಣಗೆ ಬರುತ್ತದೆ. ಸಭೆಯ ನಡುವೆ ಒಂದು ಬೇರೆ ರೆಕಾರ್ಡರ್ ಇಟ್ಟು ಆಮೇಲೆ ಸೇರಿಸುವುದು ಒಳ್ಳೆಯದು. ಹಾಗೆಯೇ ಹಳೆಯ ವಿಸಿಡಿಯನ್ನು ಬ್ಲೂ-ರೇಗೆ ಹಾಕಿದರೆ ಸೌಂಡ್ ಸುಧಾರಿಸುವುದಿಲ್ಲ. ಇದ್ದಷ್ಟು ಉಳಿಯುತ್ತದೆ. ಫೈಲನ್ನು ಮತ್ತೆ ಹಿಂಡದೆ ಹಾಗೇ ನಕಲು ಮಾಡಿ.

ಬರೆಯುವಾಗ ಕರೆಂಟು ಹೋದರೆ ಒಂದೇ ಸಲ ಬರೆಯಬಹುದಾದ ಡಿಸ್ಕ್ ಹಾಳು. ಶಿರಸಿ, ಸಿದ್ದಾಪುರದ ಮಳೆಗಾಲ ಗೊತ್ತಲ್ಲ. ಚಾರ್ಜ್ ತುಂಬಿದ ಲ್ಯಾಪ್‌ಟಾಪ್ ಅಥವಾ ಯುಪಿಎಸ್ ಇಲ್ಲದೆ ಕೈಹಾಕಬೇಡಿ. 4 ಎಕ್ಸ್ ವೇಗದಲ್ಲಿ 25 ಜಿಬಿಗೆ ಸುಮಾರು 23 ನಿಮಿಷ ಬೇಕು. ಬರೆದಾದ ಮೇಲೆ ವೆರಿಫೈ ಮಾಡುವುದನ್ನು ಬಿಡಬೇಡಿ. ಖಾಲಿ ಡಿಸ್ಕ್ ಕೊಳ್ಳುವಾಗ ಎಲ್‌ಟಿಎಚ್ ಅಂತ ಬರೆದಿದ್ದರೆ ಬೇಡ ಅನ್ನಿ. ಅದರಲ್ಲಿ ಡಿವಿಡಿಯ ಹಾಗೆ ಸಾವಯವ ಬಣ್ಣದ ಪದರ ಇರುತ್ತದೆ, ಬಿಸಿಲು ಸೆಕೆಗೆ ಬೇಗ ಕೆಡುತ್ತದೆ. ಬಹುಕಾಲ ಬಾಳಲೆಂದೇ ಮಾಡಿದ ಎಂ-ಡಿಸ್ಕ್ ಸಿಕ್ಕರೆ ದುಬಾರಿಯಾದರೂ ಮುಖ್ಯವಾದ ರಾತ್ರಿಗಳಿಗೆ ಅದೇ ಇರಲಿ.

ಪ್ಲೇಯರ್ ಕೊಳ್ಳುವವರಿಗೆ

ಸ್ಯಾಮ್‌ಸಂಗ್ 2019ರಲ್ಲಿ ಹೊಸ ಪ್ಲೇಯರ್ ನಿಲ್ಲಿಸಿತು, ಎಲ್‌ಜಿ 2024ರಲ್ಲಿ. ಖಾಲಿ ಬ್ಲೂ-ರೇ ತಯಾರಿಯನ್ನು ಸೋನಿ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಬೇಕೆಂದರೆ ಈಗಲೇ ತಗೊಳ್ಳಿ. ಕಾರವಾರ, ಶಿರಸಿಯಲ್ಲಿ ಸಿಗದಿದ್ದರೆ ಹುಬ್ಬಳ್ಳಿ, ಇಲ್ಲವೇ ಆನ್‌ಲೈನ್. ಮನೆಯಲ್ಲಿ ಡಿಸ್ಕ್ ಹಾಕುವ ಪ್ಲೇಸ್ಟೇಷನ್ 5 ಇದ್ದರೆ ಅದು 4ಕೆ ಬ್ಲೂ-ರೇಯನ್ನೂ ಓದುತ್ತದೆ. ಪ್ಲೇಸ್ಟೇಷನ್ 4 ಮಾಮೂಲಿ ಬ್ಲೂ-ರೇ ಮಾತ್ರ ಓದುತ್ತದೆ, ಆಡಿಯೋ ಸಿಡಿ ಓದುವುದಿಲ್ಲ.

ಡಿಸ್ಕಿಗೆ ಪ್ರದೇಶದ ಗುರುತು ಇದೆ. ಬ್ಲೂ-ರೇಯಲ್ಲಿ ಭಾರತ ಸಿ ವಲಯ, ಅಮೆರಿಕ ಎ, ಯುರೋಪ್ ಬಿ. ಡಿವಿಡಿಯಲ್ಲಿ ನಮ್ಮದು 5. ಗಲ್ಫ್‌ನಿಂದಲೋ ಅಮೆರಿಕದಿಂದಲೋ ಮಕ್ಕಳು ತರುವ ಡಿಸ್ಕ್ ಇಲ್ಲಿ ಓಡದಿದ್ದರೆ ಇದೇ ಕಾರಣ ಇರಬಹುದು. 4ಕೆ ಬ್ಲೂ-ರೇಗೆ ಈ ಕಟ್ಟುಪಾಡು ಇಲ್ಲ.

ಕರಾವಳಿಯ ತೇವದಲ್ಲಿ ಜೋಪಾನ

0.1 ಮಿಲಿಮೀಟರ್ ನೆನಪಿದೆಯಲ್ಲ? ಬ್ಲೂ-ರೇಯ ಅಡಿಭಾಗವೇ ಅದರ ಜೀವ. ಮೇಲೆ ಗಟ್ಟಿ ಲೇಪ ಇದ್ದರೂ ಮರಳಿನ ಕಣ ಸಿಕ್ಕಿದ ಬಟ್ಟೆಯಿಂದ ಒರೆಸಬೇಡಿ. ಕಡಲ ಬದಿಯ ಮನೆಗಳಲ್ಲಿ ಮರಳು ಎಲ್ಲೆಲ್ಲೂ ಇರುತ್ತದೆ. ಮೊದಲು ಊದಿ, ಆಮೇಲೆ ನಡುವಿನಿಂದ ಅಂಚಿಗೆ ನೇರ ಒರೆಸಿ. ಸುತ್ತು ಹಾಕಿ ಒರೆಸಬಾರದು. ಸಿಡಿಯಲ್ಲಿ ಉಲ್ಟಾ. ಅಲ್ಲಿ ಬರೆದ ಪದರ ಹೆಸರು ಬರೆಯುವ ಮೇಲ್ಭಾಗಕ್ಕೆ ಅಂಟಿಕೊಂಡಿದೆ. ಬಾಲ್‌ಪೆನ್ನಿನಿಂದ ಪ್ರಸಂಗದ ಹೆಸರು ಬರೆದರೆ ಒಳಗೆ ಗೀರು ಬೀಳುತ್ತದೆ. ಹಳೆಯ ಯಕ್ಷಗಾನ ವಿಸಿಡಿಗಳಲ್ಲಿ ಈ ಗೀರು ಬೇಕಾದಷ್ಟು ಕಾಣಸಿಗುತ್ತದೆ. ಮೆತ್ತನೆ ತುದಿಯ ಸಿಡಿ ಮಾರ್ಕರ್ ಬಳಸಿ, ಅದೂ ನಡುವಿನ ಪಾರದರ್ಶಕ ಉಂಗುರದ ಮೇಲೆ ಬರೆದರೆ ಉತ್ತಮ.

ಜೂನ್ ಬಂತೆಂದರೆ ಬೂಷ್ಟು. ಪ್ಲಾಸ್ಟಿಕ್ ಪೌಚಿನ ಆಲ್ಬಮ್ಮಿನಲ್ಲಿ ತೇವ ಸೇರಿದರೆ ಡಿಸ್ಕ್ ಪೌಚಿಗೆ ಅಂಟುತ್ತದೆ. ಗಟ್ಟಿ ಡಬ್ಬಿಯಲ್ಲಿ ನಿಲ್ಲಿಸಿ ಇಡಿ. ಆ ಡಬ್ಬಿಗಳನ್ನು ಗಾಳಿಯಾಡದ ಮುಚ್ಚಳದ ಪೆಟ್ಟಿಗೆಯಲ್ಲಿ ಹಾಕಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಬಣ್ಣ ಬದಲಾಗುವ ಬಗೆಯದ್ದಾದರೆ ನೀಲಿ ಹೋಗಿ ಗುಲಾಬಿಯಾದಾಗ ಒಣಗಿಸಬೇಕು ಅಂತ ತಿಳಿಯುತ್ತದೆ. ಅಟ್ಟದ ಮೇಲೆ ಬೇಡ. ಹೆಂಚಿನ ಕೆಳಗೆ ಬೇಸಿಗೆಯಲ್ಲಿ ಸೆಕೆ, ಮಳೆಗಾಲದಲ್ಲಿ ತೇವ, ಎರಡೂ ವಿಪರೀತ.

ಪ್ಲೇಯರನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಒಂದು ಗಂಟೆ ಓಡಿಸಿ. ಒಳಗಿನ ಬಿಸಿಗೆ ಲೆನ್ಸಿನ ಮೇಲಿನ ತೇವ ಆರುತ್ತದೆ. ಕಾರವಾರದ ಕಡಲ ಗಾಳಿಯಲ್ಲಿ ಉಪ್ಪು ಇರುವುದರಿಂದ ಎಚ್‌ಡಿಎಂಐ ತುದಿಗಳನ್ನು ಆಗಾಗ ಕಿತ್ತು, ಒಣ ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿ. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಬರೆದಿಟ್ಟ ಡಿಸ್ಕುಗಳನ್ನು ಕಂಪ್ಯೂಟರಿನಲ್ಲಿ ಪೂರ್ತಿ ಓದಿಸಿ ನೋಡಿ. ಎಲ್ಲಾದರೂ ತಡವರಿಸಿದರೆ ಅವತ್ತೇ ಹಾರ್ಡ್ ಡಿಸ್ಕಿಗೆ ಇಳಿಸಿ, ಹೊಸ ಡಿಸ್ಕಿಗೆ ಬರೆದು, ಒಂದು ಪ್ರತಿಯನ್ನು ಬೇರೆ ಊರಿನ ನೆಂಟರ ಮನೆಯಲ್ಲಿ ಇಟ್ಟುಬಿಡಿ.